ಪೀಣ್ಯದ ಮಳೆಯ ಉಪ್ಪು

ಭಾಷಣದ ದಿನ ಬೆಳಗಿನ ಜಾವಕ್ಕೇ ಎಚ್ಚರವಾಗಿಬಿಟ್ಟಿತು. ಭಯಕ್ಕೋ ಸಂತೋಷಕ್ಕೋ ಜಯಸಿಂಹನಿಗೇ ತಿಳಿಯಲಿಲ್ಲ. ಪಕ್ಕದಲ್ಲಿ ಹೆಂಡತಿ ಸತ್ಯವತಿ ಸೆರಗನ್ನು ಮುಖದ ಮೇಲೆಳೆದುಕೊಂಡು ನಿದ್ದೆಹೋಗಿದ್ದಳು. ರಾತ್ರಿ ಊಟದ ಹೊತ್ತಿಗೆ ಹೊಡೆದ ಮಳೆ ನಿಂತು, ರಾಜಗೋಪಾಲನಗರದ ಶೀಟಿನ ಸೂರುಗಳೂ ತಾರಸಿಗಳೂ ಇನ್ನೂ ತೊಟ್ಟಿಕ್ಕುತ್ತಿದ್ದವು. ಆಚೆ ಪೀಣ್ಯದ ಕಾರ್ಖಾನೆಗಳ ಕಡೆ ರಾತ್ರಿ ಪಾಳಿಯ ಪ್ರೆಸ್ಸೊಂದು ಧಡ್ ಧಡ್ಡೆಂದು ಬಡಿಯುತ್ತಿತ್ತು. ಬೇರೆಯವರ ಕಿವಿಗೆ ಅದು ಬರೀ ಗಲಾಟೆ. ಜಯಸಿಂಹನಿಗೆ ಎರಡು ಮಳೆಗಾಲದಿಂದ ಅದೊಂದು ಶುಭಸೂಚನೆಯ ಸದ್ದಾಗಿತ್ತು, ಯಾಕೆಂದರೆ ಆ ಕಾರ್ಖಾನೆಗಳ ಹೊಗೆಯಿಂದಲೇ ಅವನ ಹೆಸರು ನಾಲ್ಕು ಜನರ ಬಾಯಿಗೆ ಬಂದಿತ್ತು. ರಾತ್ರಿಯ ಮಳೆಯನ್ನೂ ಅಳೆದು, ಮಧ್ಯಾಹ್ನ ಸಂಶೋಧನಾ ಸಂಸ್ಥೆಯಲ್ಲಿ ಮಾಡಲಿದ್ದ ಭಾಷಣದಲ್ಲಿ "ನಿನ್ನೆ ಬಿದ್ದ ಮಳೆಯಲ್ಲೂ ಸಹ" ಎಂದು ಸೇರಿಸಿಬಿಟ್ಟರೆ ಹೇಗಿರುತ್ತದೆ ಎಂದು ಹೊಳೆಯಿತು. ಮಾಮೂಲಿನಲ್ಲಿ ಅವನು ಮಳೆಮಾಪಕದ ಹತ್ತಿರ ಹೋಗುತ್ತಿದ್ದದ್ದು ಸ್ನಾನ, ಕಾಫಿ ಎಲ್ಲ ಮುಗಿದ ಮೇಲೆ. ಇವತ್ತು ಹಾಸಿಗೆಯಿಂದೆದ್ದವನೇ ಪಂಚೆ ಬಿಗಿದುಕೊಂಡು, ಚಪ್ಪಲಿಯನ್ನೂ ಮೆಟ್ಟದೆ, ತನ್ನ ಮನೆಯ ತಾರಸಿಗೆ ತಾನೇ ಕಳ್ಳನ ಹಾಗೆ ಮೆಟ್ಟಿಲು ಹತ್ತಿದ.

ಮೇಲಿನ ಮೆಟ್ಟಿಲು ತಲುಪುವ ಮೊದಲೇ ನಿಂತುಬಿಟ್ಟ. ತಾರಸಿಯ ಮೇಲೆ ಅತ್ತೆ ವೆಂಕಟಲಕ್ಷ್ಮಮ್ಮ ಇದ್ದರು. ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲಿ ಮಡಿಯಾಗಿ, ಮಳೆಮಾಪಕದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ತಾಮ್ರದ ಆಲಿಕೆಯನ್ನು ತೆಗೆದು ಪಕ್ಕಕ್ಕಿಟ್ಟು, ಒಳಗಿನ ತಾಮ್ರದ ಪಾತ್ರೆಯನ್ನೆತ್ತಿ ಅದರಲ್ಲಿದ್ದ ಮಳೆನೀರನ್ನಷ್ಟೂ ತಮ್ಮ ಚೊಂಬಿಗೆ ಬಗ್ಗಿಸಿಕೊಂಡರು. ಚೊಂಬಿನೊಳಗೆ ಬೆರಳಿಟ್ಟು ನೀರು ಎಲ್ಲಿಯವರೆಗಿದೆ ಎಂದು ಗುರುತು ಹಿಡಿದರು. ಆಮೇಲೆ ಎಡಗೈಯಿಂದ ಪ್ಲಾಸ್ಟಿಕ್ ಮಗ್ಗನ್ನೆತ್ತಿ, ಅದೇ ಅಳತೆಯ ಇನ್ನೊಂದು ಚೊಂಬಿಗೆ ನಲ್ಲಿಯ ನೀರನ್ನು ಅದೇ ಗುರುತಿನವರೆಗೆ ಸುರಿದು, ಎರಡನ್ನೂ ಅಕ್ಕಪಕ್ಕ ಇಟ್ಟು ಕಣ್ಣು ಕಿರಿದುಮಾಡಿ ನೋಡಿದರು. ಒಂದು ಹನಿ ಹೆಚ್ಚಾಯಿತೆನಿಸಿತೋ ಏನೋ, ಅಷ್ಟನ್ನು ನೆಲಕ್ಕೆ ಚೆಲ್ಲಿದರು. ಅಕ್ಕಸಾಲಿಗ ಚಿನ್ನ ತೂಗುವಾಗಿನ ಎಚ್ಚರ ಆ ಮುಖದಲ್ಲಿತ್ತು. ಸರಿಸಮವಾದ ನಲ್ಲಿ ನೀರನ್ನು ಮಳೆಮಾಪಕಕ್ಕೆ ಹೊಯ್ದು, ಆಲಿಕೆಯನ್ನು ಇದ್ದ ಹಾಗೆಯೇ ಕೂರಿಸಿ, ಅದಕ್ಕೊಂದು ನಮಸ್ಕಾರವನ್ನೂ ಮಾಡಿ, ಮಳೆಯ ಚೊಂಬನ್ನು ಸೆರಗಿನಡಿ ಮುಚ್ಚಿಕೊಂಡು ಎದ್ದರು.

ಅವನು ಕೂಗಲಿಲ್ಲ. ಕೂಗುವುದಿರಲಿ, ಅತ್ತೆಯ ಎದುರು ನಿಂತು ಮಾತಾಡುವ ಪದ್ಧತಿಯೇ ಆ ಮನೆಯಲ್ಲಿರಲಿಲ್ಲ. ಮದುವೆಯಾದಾಗಿನಿಂದ ಅವರು ಅಳಿಯನಿಗೆ ಏನು ಹೇಳಬೇಕಿದ್ದರೂ ಬಾಗಿಲ ಮರೆಯಲ್ಲಿ ನಿಂತು "ಸತ್ಯಾ, ಅವರಿಗೆ ಹೇಳು" ಎಂದು ಶುರುಮಾಡುವರು. ಅವನು ಕೂತಲ್ಲಿಂದಲೇ "ಅಮ್ಮನಿಗೆ ಹೇಳು" ಎಂದು ಉತ್ತರಿಸುವನು. ನಡುವೆ ಸತ್ಯವತಿ ಏನನ್ನೂ ಹೇಳದೆ ತರಕಾರಿ ಹೆಚ್ಚುತ್ತಾ ಕೂತಿರುವಳು, ಇಬ್ಬರಿಗೂ ಕೇಳಿಸಿರುತ್ತಿತ್ತು. ಅಂಥ ಅತ್ತೆ ಮಡಿಯಲ್ಲಿರುವಾಗ ಹಾಸಿಗೆ ಬಿಟ್ಟೆದ್ದ ಅಳಿಯ ಎದುರಾದರೆ ಈ ಚಳಿಯಲ್ಲಿ ಅವರಿಗೆ ಇನ್ನೊಂದು ಸ್ನಾನ. ಹಾಗಾಗಿ ಸಂಸ್ಥೆಯ ವಿಜ್ಞಾನಿ, ಇನ್ನೇನು ರೀಡರ್ ಆಗಲಿದ್ದವನು, ಬೆಕ್ಕಿನ ಹೆಜ್ಜೆಯಲ್ಲಿ ಮೆಟ್ಟಿಲಿಳಿದು ಓಡಿಬಂದು ಹಾಸಿಗೆಯಲ್ಲಿ ಮುಸುಕೆಳೆದುಕೊಂಡ. ಒದ್ದೆ ಪಾದ ತಾಗಿ ಸತ್ಯವತಿ ಗೊಣಗಿದಳು. ತಪ್ಪು ಮಾಡಿ ಸಿಕ್ಕಿಬಿದ್ದವನು ತಾನೇ ಎನ್ನಿಸಿ ನಾಚಿಕೆಯಾಯಿತು.

ಅತ್ತೆ ನಲ್ಲಿಯ ನೀರನ್ನು ದೇವರಿಗೆ ಮುಟ್ಟಿಸುವುದಿಲ್ಲ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ನಲ್ಲಿಯೊಳಗೆ ಚರ್ಮದ ವಾಷರ್ ಇರುತ್ತದೆ, ಚರ್ಮ ದಾಟಿ ಬಂದ ನೀರು ಸ್ನಾನಕ್ಕಾಯಿತು, ಪೂಜೆಗಾಗದು. ಬೇಸಗೆಯಲ್ಲಿ ಸತ್ಯವತಿ ಹೊಲದಾಚೆಯ ಬಾವಿಯಿಂದ ಒಂದು ಕೊಡ ಸೇದಿ ತರುವಳು. ಮಳೆಗಾಲದಲ್ಲಿ ತರುವುದಿಲ್ಲ ಎಂಬುದನ್ನು ಅವನು ಗಮನಿಸಿಯೇ ಇರಲಿಲ್ಲ. ಆಕಾಶದಿಂದ ನೇರವಾಗಿ ತಾಮ್ರಕ್ಕೆ ಬಿದ್ದ ನೀರು! ಅದಕ್ಕಿಂತ ಮಡಿಯಾದದ್ದು ಗಂಗೆಯೂ ಅಲ್ಲ. ಸಂಸ್ಥೆಯ ವರ್ಕ್‌ಶಾಪಿನವರ ಹತ್ತಿರ ಜಗಳವಾಡಿ ತಾಮ್ರವೇ ಆಗಬೇಕೆಂದು ಹಟಹಿಡಿದು ಮಾಡಿಸಿದವನು ಅವನೇ. ಮುಸುಕಿನೊಳಗೆ ಅವನಿಗೆ ನಗು ಬಂತು. ನಗುವಿನ ಬೆನ್ನಿಗೇ ಲೆಕ್ಕ ನೆನಪಾಗಿ ಎದ್ದು ಕೂತ. ನೀರಿನ ಅಳತೆ ಸರಿಯಾಗಿಯೇ ಇದೆ, ಒಂದು ಹನಿಯ ಮೋಸವಿಲ್ಲ. ಆದರೆ ಅವನ ಹೆಸರು ನಿಂತಿದ್ದದ್ದು ಅಳತೆಯ ಮೇಲಲ್ಲ, ಉಪ್ಪಿನ ಮೇಲೆ.

ಬೆಂಗಳೂರಿನ ಮೇಲೆ ಬೀಳುವ ಮಳೆಯಲ್ಲಿ ಸಮುದ್ರದಿಂದ ಹೊಸದಾಗಿ ಬಂದದ್ದೆಷ್ಟು, ಇಲ್ಲಿನ ಕೆರೆಗಳಿಂದ, ಹೊಲಗಳಿಂದ, ಮರಗಳಿಂದ ಆವಿಯಾಗಿ ಮೇಲೆ ಹೋಗಿ ಇಲ್ಲೇ ಮರಳಿ ಬಿದ್ದದ್ದೆಷ್ಟು? ಈ ಒಂದು ಪ್ರಶ್ನೆಯ ಹಿಂದೆ ಅವನು ತನ್ನ ಯೌವನವನ್ನೆಲ್ಲ ಸುತ್ತಿದ್ದ. ಸಮುದ್ರದ ಮೋಡ ಬರುವಾಗ ಒಂದಿಷ್ಟು ಉಪ್ಪು ಹೊತ್ತು ತರುತ್ತದೆ; ಕೆರೆಯ ಆವಿಗೆ ಉಪ್ಪಿಲ್ಲ. ಮಳೆಯ ಉಪ್ಪನ್ನು ಅಳೆದರೆ ಮಳೆಯ ಊರು ಯಾವುದೆಂದು ಗೊತ್ತಾಗುತ್ತದೆ. ಕೇಳಲು ಸೊಗಸಾಗಿತ್ತು, ಆದರೆ ಸಂಸ್ಥೆಯಲ್ಲಿ ಕೇಳುವವರಿರಲಿಲ್ಲ. ಮೆಟ್ಟಿಲ ಕೆಳಗಿನ ಅವನ ಕೋಣೆಗೆ ಮುರಿದ ಕುರ್ಚಿಗಳನ್ನು ತಂದು ಹಾಕುತ್ತಿದ್ದರು. "ಕೊಡೆ ಜಯಸಿಂಹ" ಎಂದು ಹೆಸರಿಟ್ಟಿದ್ದರು. ಒಮ್ಮೆ ಮಂತ್ರಿಯೊಬ್ಬರು ಬಂದಾಗ ಎಲ್ಲರನ್ನೂ ಪರಿಚಯಿಸಿದ ಮುಖ್ಯಸ್ಥ ಪಟ್ಟಾಭಿರಾಮ್ ಇವನ ಹತ್ತಿರ ಬಂದು ಹೆಸರು ಮರೆತು "ಇವರು ನಮ್ಮ..." ಎಂದು ನಿಲ್ಲಿಸಿದ್ದರು, ಮಂತ್ರಿ ಇವನ ಕೈಗೆ ತಮ್ಮ ಖಾಲಿ ಕಾಫಿ ಲೋಟ ಕೊಟ್ಟು ಮುಂದೆ ಹೋಗಿದ್ದರು. ಲೋಟ ತೊಳೆದಿಟ್ಟದ್ದೂ ಅವನೇ. ಅಂಥವನ ಬಾಳಿನಲ್ಲಿ ಪೀಣ್ಯದ ಮಳೆ ಬಂತು. ವೈಟ್‌ಫೀಲ್ಡಿನಲ್ಲೂ ಸಿಂಗಸಂದ್ರದಲ್ಲೂ ಇಟ್ಟ ಮಾಪಕಗಳು ಸಭ್ಯವಾಗಿದ್ದವು. ಅವನದೇ ಬಾಡಿಗೆ ಮನೆಯ ತಾರಸಿಯ ಮಳೆ ಮಾತ್ರ ಉಪ್ಪುಪ್ಪಾಗಿತ್ತು. ಸಮುದ್ರದಿಂದ ಇಷ್ಟು ದೂರ ಇಷ್ಟು ಉಪ್ಪು ಬರುವಂತಿಲ್ಲ. ಹಾಗಿದ್ದರೆ ಕಾರ್ಖಾನೆಗಳ ಆಸಿಡ್ ಹೊಗೆ ಮೋಡಕ್ಕೆ ಸೇರಿ ಉಪ್ಪಾಗಿ ಇಳಿಯುತ್ತಿರಬೇಕು. ಕೆಲವೊಮ್ಮೆ ಉಪ್ಪಿಲ್ಲದ ಮಳೆಯೂ ಬೀಳುತ್ತಿತ್ತು; ಆವತ್ತು ಗಾಳಿ ದಿಕ್ಕು ಬದಲಿಸಿದೆಯೆಂದು ಅವನು ನಕ್ಷೆಯ ಮೇಲೆ ಅಂದವಾದ ಬಾಣಗಳನ್ನು ಬರೆದಿದ್ದ. ಈಗ ಗೊತ್ತಾಯಿತು, ಅವೆಲ್ಲ ಅತ್ತೆ ಚಾಮರಾಜಪೇಟೆಯ ತಂಗಿಯ ಮನೆಗೆ ಹೋದ ದಿನಗಳು.

ಮಳೆಯನ್ನು ಅವನು ಸಮುದ್ರದ ಜೊತೆ ಹೋಲಿಸಿದ್ದ, ಹೊಗೆಯ ಜೊತೆ ಹೋಲಿಸಿದ್ದ, ಜರ್ಮನಿಯ ಮಳೆಯ ಜೊತೆಗೂ ಹೋಲಿಸಿದ್ದ. ತನ್ನ ಬಚ್ಚಲುಮನೆಯ ನಲ್ಲಿಯ ಜೊತೆ ಹೋಲಿಸಬೇಕೆಂದು ಮಾತ್ರ ಹೊಳೆದಿರಲಿಲ್ಲ.

ಸ್ನಾನ ಮುಗಿಸಿ ನಡುಮನೆಗೆ ಬರುವ ಹೊತ್ತಿಗೆ ದೇವರ ಮನೆಯ ಗಂಟೆ ನಿಂತಿತ್ತು. ಅತ್ತೆಯ ಅಂಬೆಗಾಲು ಕೃಷ್ಣನಿಗೆ ಅಭಿಷೇಕವಾಗಿ, ಸತ್ಯವತಿ ತೀರ್ಥದ ಬಟ್ಟಲು, ಉದ್ಧರಣೆ ಹಿಡಿದು ಎಂದಿನಂತೆ ಬಂದಳು. ಅವನೂ ಎಂದಿನಂತೆ ಅಂಗೈ ಬಗ್ಗಿಸಿ ಚಾಚಿದವನು, ತಟ್ಟನೆ ಹಿಂದಕ್ಕೆಳೆದುಕೊಂಡ. ಮಳೆ ಬಂದ ಮಾರನೆಯ ಬೆಳಿಗ್ಗೆಯ ತೀರ್ಥವೆಂದರೆ ಪೀಣ್ಯದ ಅಸಲಿ ಮಳೆ. ಯಾವುದನ್ನು ಸಂಸ್ಥೆಯ ಪ್ರಯೋಗಾಲಯದಲ್ಲಿ ಕೂತು ಹುಡುಕುತ್ತಿದ್ದನೋ ಅದನ್ನು ದಿನಾ ಮನೆಯಲ್ಲಿ ಕುಡಿದು, ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡು, ಆಮೇಲೆ ಬಸ್ಸು ಹಿಡಿಯುತ್ತಿದ್ದ! ಓಡಿಹೋಗಿ ಪೆಟ್ಟಿಗೆಯಿಂದ ಒಂದು ಗಾಜಿನ ಕೊಳವೆ ತಂದು ಮುಂದೆ ಹಿಡಿದ.

"ಇದಕ್ಕೆ ಹಾಕು."

"ಏನ್ರೀ ಇದು? ತೀರ್ಥಾನ ಯಾರಾದ್ರೂ ಶೀಷೆಗೆ ಹಾಕಿಸ್ಕೋತಾರಾ?"

"ಭಾಷಣಕ್ಕೆ ಹೋಗ್ತಿದೀನಲ್ಲ, ಜೊತೇಲಿರ್ಲಿ ಅಂತ."

ಬಾಗಿಲ ಮರೆಯಿಂದ ದನಿ ಬಂತು: "ಸತ್ಯಾ, ಅವರಿಗೆ ಇನ್ನೊಂದು ಉದ್ಧರಣೆ ಜಾಸ್ತೀನೇ ಹಾಕು. ಅಪರೂಪಕ್ಕೆ ಭಕ್ತಿ ಬಂದಿದೆ."

ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಒಗೆಯುವ ಕಲ್ಲಿನ ಮೇಲೆ ಮೂರು ಕೊಳವೆ ನಿಲ್ಲಿಸಿದ. ಒಂದರಲ್ಲಿ ತೀರ್ಥ, ಒಂದರಲ್ಲಿ ತಾರಸಿಯ ಮಾಪಕದಿಂದ ತಂದ ನೀರು, ಒಂದರಲ್ಲಿ ನಲ್ಲಿಯ ನೀರು. ಉಪ್ಪಿದ್ದರೆ ಸಿಲ್ವರ್ ನೈಟ್ರೇಟಿನ ಒಂದು ಹನಿಗೆ ನೀರು ಬೆಳ್ಳಗಾಗುತ್ತದೆ. ಮಾಪಕದ ನೀರಿಗೆ ಹನಿ ಬಿಟ್ಟ. ಹಾಲು ಬೆರೆಸಿದ ಹಾಗಾಯಿತು. ನಲ್ಲಿಯ ನೀರಿಗೆ ಬಿಟ್ಟ, ಅದೂ ಹಾಗೆಯೇ. ಕೊನೆಗೆ ತೀರ್ಥಕ್ಕೆ ಬಿಟ್ಟ. ಅದು ತಿಳಿಯಾಗಿಯೇ ಉಳಿಯಿತು. ಇನ್ನೊಂದು ಹನಿ ಬಿಟ್ಟ. ಬೆಳಕಿಗೆ ಹಿಡಿದು ನೋಡಿದ. ಹೆಸರಿಗೊಂದು ಮಬ್ಬು, ಅಷ್ಟೇ; ವೈಟ್‌ಫೀಲ್ಡಿನ ಮಳೆಯ ಹಾಗೆ, ಸಿಂಗಸಂದ್ರದ ಮಳೆಯ ಹಾಗೆ ಒಂದು ಸಾಧಾರಣ, ಮರ್ಯಾದಸ್ಥ ಮಳೆ. ಎರಡು ವರ್ಷದ ಕೆಲಸ, ಮುಂದಿನ ವಾರದ ಸಂದರ್ಶನ, ರೀಡರ್ ಹುದ್ದೆ, ಪಟ್ಟಾಭಿರಾಮ್ ಹೆಗಲ ಮೇಲೆ ಕೈಹಾಕಿ ಕಾಫಿ ತರಿಸಿಕೊಟ್ಟ ಆ ಸುಖ ಎಲ್ಲ ಮೋರಿಯ ಪಾಲಾಯಿತು. ಹಾಗಿದ್ದೂ ಅವನಿಗೆ ಅಳು ಬರಲಿಲ್ಲ. ವಿಚಿತ್ರವೆಂದರೆ ಒಳಗೆಲ್ಲೋ ಖುಷಿಯಾಗಿತ್ತು. ಈ ಸದ್ದು, ಈ ಹೊಗೆ, ಈ ತಗಡಿನ ಊರಿನ ಮೇಲೂ ಮಳೆ ಚೊಕ್ಕಟವಾಗಿ ಬೀಳುತ್ತಿದೆ ಎನ್ನುವುದು ಒಳ್ಳೆಯ ಸುದ್ದಿಯಾಗಿತ್ತು.

"ಎಷ್ಟ್ಹೊತ್ತ್ರೀ ಒಳಗೆ? ತೀರ್ಥ ತಗೊಂಡು ಬಚ್ಚಲಿಗೆ ಹೋಗೋದು ಯಾವ ಶಾಸ್ತ್ರ?" ಎಂದು ಸತ್ಯವತಿ ಬಾಗಿಲು ತಟ್ಟಿದಳು.

ಬಸ್ ಸ್ಟಾಪಿಗೆ ಹೋಗುವ ದಾರಿಯಲ್ಲಿ ಲಕ್ಷ್ಮಣಪ್ಪನ ಶೆಡ್ಡು. ರಾಗಿ ಬೆಳೆಯುತ್ತಿದ್ದ ಹೊಲ ಇಂಡಸ್ಟ್ರಿಗೆ ಹೋದ ಮೇಲೆ, ಉಳಿದ ತುಂಡು ಜಾಗದಲ್ಲಿ ಅವನು ನಟ್ಟು ಬೋಲ್ಟಿಗೆ ಹೊಳಪು ಹಾಕುವ ಪ್ಲೇಟಿಂಗ್ ಕೆಲಸ ಇಟ್ಟಿದ್ದ. ಸತ್ಯವತಿ ನೀರು ಸೇದುವ ಬಾವಿಯೂ ಅವನದೇ. ಇವತ್ತು ಜಯಸಿಂಹ ಆಚೆ ಬದಿಯಿಂದ ತಲೆತಗ್ಗಿಸಿ ದಾಟಿಬಿಡಬೇಕೆಂದಿದ್ದ. ಲಕ್ಷ್ಮಣಪ್ಪ ರಸ್ತೆಗೇ ಬಂದು ಕೈಮುಗಿದ.

"ಸಾರ್, ರಾತ್ರಿ ಮೋಡ ಕಟ್ತಿದ್ದಂಗೇ ಆಸಿಡ್ ತೊಟ್ಟಿಗೆ ಮುಚ್ಳ ಆಕ್ಬುಟ್ವಿ. ಈ ಸಲ ಉಪ್ಪು ಕಮ್ಮಿ ಆಗೈತಾ ನೋಡಿ."

"ಕೆಲ್ಸ?"

"ಕೆಲ್ಸ ನಿಲ್ಸಿದ್ವಿ. ಮೋಡ ಇದ್ದಷ್ಟೊತ್ತೂ ನಿಲ್ಸೋದೇಯ. ಏನ್ ಮಾಡದು ಸಾರ್, ನಮ್ಮವ್ವ ದಿನಾ ಉಗೀತಾಳೆ. ನಿಮ್ಮಪ್ಪ ಮಳೆಗೆ ಪೂಜೆ ಮಾಡ್ದ, ನೀನು ಮಳೆಗೆ ಉಪ್ಪಾಕ್ದೆ ಅಂತ. ನೀವು ಓದಿರೋರು ಯೋಳಿದ್ಮೇಲೆ ಇಲ್ಲ ಅನ್ನಕ್ಕಾಯ್ತದಾ?"

ಹೇಳಿದ್ದು ನಿಜ. ಹೋದ ಮಳೆಗಾಲದಲ್ಲಿ ಇದೇ ಜಾಗದಲ್ಲಿ ನಿಂತು, ಹೊಸದಾಗಿ ದೊಡ್ಡವನಾದ ಹುಮ್ಮಸ್ಸಿನಲ್ಲಿ, ತೊಟ್ಟಿಯಿಂದ ಏಳುವ ಹೊಗೆಯತ್ತ ಬೆರಳು ತೋರಿಸಿ ಪಾಠವನ್ನೇ ಮಾಡಿದ್ದ. ಲಕ್ಷ್ಮಣಪ್ಪ ಆಗಲೂ ಹೀಗೆಯೇ ಕೈಮುಗಿದುಕೊಂಡು ಕೇಳಿದ್ದ. ಈಗ ಹೇಳಿಬಿಡಬೇಕು, ನಿಮ್ಮದಲ್ಲ ಲಕ್ಷ್ಮಣಪ್ಪ ಅಂತ. ಬಾಯಿ ತೆರೆದ. ಅಷ್ಟರಲ್ಲಿ ಬಸ್ಸು ಬಂತು, ಬಸ್ಸು ಬಂದದ್ದಕ್ಕೆ ಅವನಿಗೆ ಸಮಾಧಾನವಾಯಿತು. ಆ ಸಮಾಧಾನ ಬಸ್ಸು ಮುಂದಿನ ಸ್ಟಾಪು ಮುಟ್ಟುವವರೆಗೂ ಉಳಿಯಲಿಲ್ಲ.

ಕಂಬಿ ಹಿಡಿದು ಜೋತಾಡುತ್ತಾ ನಿಂತವನ ಸುತ್ತ ಪಾಳಿ ಮುಗಿಸಿದ ಕೆಲಸಗಾರರ ಎಣ್ಣೆಯ ವಾಸನೆ. ಯಾರಿಗೂ ಗೊತ್ತಿಲ್ಲ, ಎಂದುಕೊಂಡ. ಅತ್ತೆಗೆ ತಾನು ನೋಡಿದ್ದು ಗೊತ್ತಿಲ್ಲ, ತಾನು ನೋಡಿದ್ದರ ಅರ್ಥ ಇನ್ಯಾರಿಗೂ ಗೊತ್ತಿಲ್ಲ. ಮಾತಾಡಿ ಬರುವುದು, ಸಂದರ್ಶನಕ್ಕೂ ಹೋಗಿಬರುವುದು, ಆಮೇಲೆ ನಿಧಾನವಾಗಿ ಮಳೆಯ ಉಪ್ಪು ಕಮ್ಮಿಯಾಗುತ್ತಾ ಬರುತ್ತದೆ, ಕಾರ್ಖಾನೆಗಳು ತಿದ್ದಿಕೊಂಡವು ಎಂದು ಇನ್ನೊಂದು ಭಾಷಣವನ್ನೂ ಮಾಡಬಹುದು. ಎಷ್ಟು ಚೆಂದ ಹೊಂದಿಕೊಳ್ಳುತ್ತಿತ್ತು! ಹೊಂದಿಕೊಂಡ ವೇಗಕ್ಕೆ ಅವನಿಗೇ ತನ್ನ ಮೇಲೆ ಹೇಸಿಗೆಯಾಯಿತು. ಮುಚ್ಚಳ ಹಾಕಿಕೊಂಡು ಆಕಾಶ ನೋಡುತ್ತಾ ಕೂರುವ ಆ ಮನುಷ್ಯನನ್ನು ಏನು ಮಾಡುವುದು? ಸರಿ, ಹೇಳಿಬಿಡುವುದು. ಹೇಳುವುದಾದರೆ ಹೇಗೆ ಹೇಳಬೇಕು ಎಂಬುದೂ ಯಶವಂತಪುರ ಬರುವುದರೊಳಗೆ ಹೊಳೆಯಿತು. ಅತ್ತೆಯ ಮಡಿ, ಎಡಗೈಯ ಮಗ್ಗು, ಬೆರಳಿನ ಗುರುತು, ಕೊನೆಗೊಂದು ನಮಸ್ಕಾರ ಎಲ್ಲವನ್ನೂ ಹಾವಭಾವ ಸಮೇತ ವರ್ಣಿಸಿದರೆ ಸಭೆಗೆ ಸಭೆಯೇ ಬಿದ್ದುಬಿದ್ದು ನಗುತ್ತದೆ. ಅಳಿಯಂದಿರೇ ತುಂಬಿದ ಸಭೆ ಅದು. ನಗಿಸಿದವನನ್ನು ಯಾರೂ ಶಿಕ್ಷಿಸುವುದಿಲ್ಲ, ಪಟ್ಟಾಭಿರಾಮ್ ಕೂಡ. ಮನಸ್ಸಿನಲ್ಲೇ ಅಭಿನಯಿಸುತ್ತಾ ಒಬ್ಬನೇ ನಕ್ಕ. ಪಕ್ಕದವನು ಸ್ವಲ್ಪ ಸರಿದು ನಿಂತ.

ಆದರೆ ಆ ನಗುವಿನ ನಡುವೆಯೇ ವೆಂಕಟಲಕ್ಷ್ಮಮ್ಮ ಮನೆಗೆ ಬಂದ ದಿನ ಯಾಕೋ ಕಣ್ಣಿಗೆ ಕಟ್ಟಿತು. ಮಾವನವರು ಹೋದ ಮೇಲೆ, ಗಂಡುಮಕ್ಕಳಿಲ್ಲದ ಅವರು ಬೇರೆ ದಾರಿಯಿಲ್ಲದೆ ಮಗಳ ಮನೆಗೆ, ಅಂದರೆ ಅಳಿಯನ ಮನೆಗೆ, ಒಂದು ಟ್ರಂಕು ಹಿಡಿದು ಬಂದಿದ್ದರು. ಹೊಸ್ತಿಲಾಚೆ ನಿಂತು, ಒಳಗೆ ಬರಲು ಎಷ್ಟೋ ಹೊತ್ತು ತೆಗೆದುಕೊಂಡಿದ್ದರು. ಅಂದಿನಿಂದ ಅವರು ಆ ಮನೆಯಲ್ಲಿ ಏನನ್ನೂ ಪುಕ್ಕಟೆ ತೆಗೆದುಕೊಂಡದ್ದಿಲ್ಲ. ಅವನು ಬಾಳೆಹಣ್ಣು ತಂದರೆ ಮಾರನೆಯ ದಿನ ಡಬ್ಬಿಯಲ್ಲಿ ಚಕ್ಕುಲಿ ತುಂಬಿರುತ್ತಿತ್ತು. ಒಂದು ಶಾಲು ತಂದುಕೊಟ್ಟಿದ್ದಕ್ಕೆ ಅವನ ಹರಿದ ಅಂಗಿಗಳೆಲ್ಲ ಹೊಲಿಗೆ ಕಂಡು ಪೆಟ್ಟಿಗೆ ಸೇರಿದ್ದವು. ಈಗ ಅವನಿಗೆ ಅರ್ಥವಾಯಿತು. ಸುಮ್ಮನೆ ಮಳೆನೀರನ್ನು ಎತ್ತಿಕೊಂಡು ಹೋಗಿದ್ದರೂ ನಡೆಯುತ್ತಿತ್ತು, ಮಾಪಕ ಸೋರಿದೆಯೆಂದು ಅವನು ಬರೆದುಕೊಳ್ಳುತ್ತಿದ್ದ. ಆದರೆ ಅಳಿಯನ ಪಾತ್ರೆಗೆ ಬಿದ್ದದ್ದು ಅಳಿಯನದು. ಆಕಾಶದಿಂದ ಬಿದ್ದದ್ದಾದರೂ ಅದರ ಋಣ ಇಟ್ಟುಕೊಳ್ಳಬಾರದು. ಅದಕ್ಕೇ ಆ ಬೆರಳಿನ ಗುರುತು, ಆ ಚೆಲ್ಲಿದ ಹನಿ. ಈ ಹೆಂಗಸಿನ ಮರ್ಯಾದೆಯನ್ನು ಎತ್ತಿಕೊಂಡು ಹೋಗಿ ಸಭೆಯ ನಗುವಿಗೆ ಕೊಟ್ಟು, ಬದಲಿಗೆ ತನ್ನ ಮರ್ಯಾದೆ ಉಳಿಸಿಕೊಂಡು ಬರುವುದು ಅವನಿಂದ ಆಗುವಂತಿರಲಿಲ್ಲ. ಇಳಿಯಬೇಕಾದ ಸ್ಟಾಪು ದಾಟಿಹೋಗಿತ್ತು. ಹಿಂದಕ್ಕೆ ನಡೆದುಕೊಂಡು ಬಂದ.

ಸಂಸ್ಥೆಯ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಪಟ್ಟಾಭಿರಾಮ್ ಹೊಸ ಟೈ ಕಟ್ಟಿಕೊಂಡು, ದೆಹಲಿಯಿಂದ ಬಂದಿದ್ದ ಇಬ್ಬರು ಅಧಿಕಾರಿಗಳ ನಡುವೆ ಮದುಮಗಳ ತಂದೆಯ ಹಾಗೆ ಕೂತಿದ್ದರು. ಜಯಸಿಂಹ ಮೊದಲ ಪಾರದರ್ಶಕ ಹಾಳೆಯನ್ನು ಪ್ರೊಜೆಕ್ಟರಿನ ದೀಪದ ಮೇಲಿಟ್ಟ. ಗೋಡೆಯ ತುಂಬಾ ಪೀಣ್ಯದ ನಕ್ಷೆ ಮೂಡಿತು, ಮೇಲೆ ಅವನ ಅಂದವಾದ ಬಾಣಗಳು. ಅವು ನಿಜಕ್ಕೂ ಚೆನ್ನಾಗಿದ್ದವು. ಅವನ್ನೊಮ್ಮೆ ಕಣ್ತುಂಬ ನೋಡಿ ಹಾಳೆಯನ್ನು ತೆಗೆದುಬಿಟ್ಟ. ಗೋಡೆ ಬರೀ ಬೆಳಕಾಯಿತು.

"ಇವತ್ತು ನಾನು ಹೇಳಬೇಕು ಅಂತಿದ್ದದ್ದು ತಪ್ಪು," ಎಂದ. ದನಿ ತನ್ನದಲ್ಲವೆನ್ನುವಷ್ಟು ಗಟ್ಟಿಯಾಗಿ ಬಂತು. "ಪೀಣ್ಯದ ಮಳೆಯಲ್ಲಿ ವಿಶೇಷ ಉಪ್ಪೇನೂ ಇಲ್ಲ. ನನ್ನ ಸ್ಯಾಂಪಲ್‌ಗಳು ಮಳೆಯಲ್ಲ, ನಲ್ಲಿ ನೀರು. ಇದು ಇವತ್ತು ಬೆಳಿಗ್ಗೆ ಗೊತ್ತಾಯ್ತು. ಕಾರ್ಖಾನೆಗಳ ಬಗ್ಗೆ ನಾನು ಬರೆದದ್ದನ್ನೆಲ್ಲ ವಾಪಸ್ ತಗೋತೀನಿ."

ಯಾರೋ ಕೆಮ್ಮಿದರು. ಹಿಂದಿನ ಸಾಲಿನಿಂದ ನಾಣಿ ಎದ್ದು ನಿಂತ. ಜಯಸಿಂಹನ ಜೊತೆಗೇ ಕೆಲಸಕ್ಕೆ ಸೇರಿ ಬಹಳ ಹಿಂದೆಯೇ ರೀಡರ್ ಆದವನು. ಕೊಡೆಯ ಹೆಸರಿಟ್ಟವನೂ ಅವನೇ.

"ಅಲ್ಲಾ ಗುರು, ಮಳೆಮಾಪಕಕ್ಕೆ ನಲ್ಲಿ ನೀರು ಹ್ಯಾಗೆ ಬಂತು? ನಿಮ್ಮ ರಾಜಗೋಪಾಲನಗರದಲ್ಲಿ ಆಕಾಶಕ್ಕೂ ಪೈಪು ಹಾಕ್ಬಿಟ್ಟಿದಾರಾ?"

ಸಭೆ ಹೋ ಎಂದು ನಕ್ಕಿತು. ಇದೇ ಆ ಕ್ಷಣ. ಒಂದೇ ಒಂದು ಮಾತು, "ನಮ್ಮತ್ತೆ" ಎಂದು ಶುರುಮಾಡಿದರೆ ಸಾಕಿತ್ತು, ಆ ನಗು ಪೂರ್ತಿ ಅವನ ಕಡೆಗೆ ತಿರುಗಿ ಅವನನ್ನು ಎತ್ತಿ ಕುಣಿಸುತ್ತಿತ್ತು. ನಾಲಗೆಯ ತುದಿಗೆ ಬಂದದ್ದನ್ನು ನುಂಗಿದ.

"ನನ್ನ ಮನೇಲಿ, ನನ್ನ ಕಣ್ಣೆದುರೇ ಬಂತು. ನಾನು ನೋಡ್ಲಿಲ್ಲ. ಹಾಗಾಗಿ ಹಾಕ್ದೋನು ನಾನೇ ಅಂತ ಬರ್ಕೊಳ್ಳಿ."

ಮತ್ತೆ ನಕ್ಕರು. ಈ ಸಲದ ನಗು ಅಷ್ಟು ಚೆನ್ನಾಗಿರಲಿಲ್ಲ. ಅದರಲ್ಲಿ "ಇಂಥವನಿಂದ ಇನ್ನೇನಾದೀತು" ಎಂಬುದಿತ್ತು. ದೆಹಲಿಯವರಲ್ಲೊಬ್ಬರು ಗಡಿಯಾರ ನೋಡಿಕೊಂಡರು. ಆದರೂ ಬರೀ ಬೆಳಕಿನ ಆ ಗೋಡೆಯ ಮುಂದೆ ನಿಂತವನಿಗೆ ತುಟಿಯಂಚಿನಲ್ಲಿ ನಗು ತಡೆಯಲಾಗಲಿಲ್ಲ. ಆಕಾಶಕ್ಕೆ ಪೈಪು ಎಂಬುದು ನಿಜಕ್ಕೂ ಒಳ್ಳೆಯ ಮಾತಾಗಿತ್ತು. ಅವನೂ ಜೋರಾಗಿ ನಕ್ಕುಬಿಟ್ಟ.

ಪಟ್ಟಾಭಿರಾಮ್ ಅವನನ್ನು ಕೋಣೆಗೆ ಕರೆಸಿ, ಟೈ ಬಿಚ್ಚಿ ಮೇಜಿನ ಮೇಲೆ ಎಸೆದರು. "ಸಂದರ್ಶನಕ್ಕೆ ಈ ಸಲ ಬರಬೇಡಿ," ಎಂದರು.

"ಸರಿ ಸಾರ್."

"ಯಾರು ಹಾಕಿದ್ದು, ನನಗಾದ್ರೂ ಹೇಳಿ."

"ಹೇಳಿದ್ನಲ್ಲ ಸಾರ್."

ಪಟ್ಟಾಭಿರಾಮ್ ಎಸೆದ ಟೈಯನ್ನು ಎತ್ತಿ ಮಡಿಸತೊಡಗಿದರು. "ಬೆಳಿಗ್ಗೆ ಗೊತ್ತಾಗಿದ್ದು ಮಧ್ಯಾಹ್ನಕ್ಕೆ ಹೇಳ್ಬಿಟ್ರಿ. ನಾನಾಗಿದ್ರೆ ಜ್ವರ ಅಂತ ಒಂದು ವಾರ ಮಲಗ್ತಿದ್ದೆ. ಹೋಗಿ, ಮಾಪಕ ಮಾತ್ರ ತೆಗೀಬೇಡಿ. ಮಳೆ ಬರ್ತಾನೇ ಇರುತ್ತಲ್ಲ." ಬಾಗಿಲವರೆಗೆ ಹೋದವನನ್ನು ಮತ್ತೆ ಕರೆದು ಕಾಫಿಯನ್ನೂ ಕೊಡಿಸಿದರು.

ಸಂಜೆ ಬಸ್ಸಿಳಿದವನು ನೇರ ಶೆಡ್ಡಿಗೆ ಹೋದ. ಮೋಡವಾಗಿತ್ತು. ತೊಟ್ಟಿಗಳಿಗೆ ಮುಚ್ಚಳ ಬಿದ್ದಿತ್ತು, ಲಕ್ಷ್ಮಣಪ್ಪ ಬಾಗಿಲಲ್ಲಿ ಕೂತು ಬೀಡಿ ಸೇದುತ್ತಿದ್ದ.

"ಉಪ್ಪು ನಿಮ್ಮಿಂದಲ್ಲ ಲಕ್ಷ್ಮಣಪ್ಪ. ನಂದೇ ತಪ್ಪು."

"ನಿಮ್ದಾ? ನೀವ್ಯಾವ ಫ್ಯಾಕ್ಟ್ರಿ ಇಟ್ಟಿದೀರಾ ಸಾರ್?"

"ಯಾವ್ದೂ ಇಲ್ಲ. ಮುಚ್ಚಳ ಇದ್ರೆ ನಿಮ್ಮ ಹುಡುಗರ ಎದೆಗೆ ಒಳ್ಳೇದು, ಇರ್ಲಿ. ಮಳೆಗೋಸ್ಕರ ಕೆಲ್ಸ ನಿಲ್ಲಿಸ್ಬೇಡಿ. ನಿಮ್ಮವ್ವಂಗೆ ನಾನೇ ಬಂದು ಹೇಳ್ತೀನಿ."

ಲಕ್ಷ್ಮಣಪ್ಪ ಬೀಡಿ ಎಸೆದು ಎದ್ದ. "ಈಗ್ಲೇ ಬಂದು ಯೋಳ್ಬುಡಿ ಸಾರ್," ಎಂದು ಕೈಹಿಡಿದು ಹಿತ್ತಲಿಗೆ ಎಳೆದುಕೊಂಡೇ ಹೋದ. ಅವನ ಅವ್ವ ಎಲ್ಲ ಕೇಳಿ, ವಿಜ್ಞಾನಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಂಗಾರೆ ಇಷ್ಟು ದಿನ ಯಾಕಂಗಂದ್ಯಪ್ಪಾ?" ಎಂದಳು. ಆಕೆ ಒಂದು ಸೋರೆಕಾಯಿ ಕೊಟ್ಟು ಕಳಿಸಿದಳು.

ಮನೆಯಲ್ಲಿ ಸತ್ಯವತಿ ಬಾಗಿಲಲ್ಲೇ ಕಾದಿದ್ದಳು. ಸೋರೆಕಾಯಿ ಹಿಡಿದು ಬಂದ ಗಂಡನನ್ನು ನೋಡಿ ಭಾಷಣ ಹೇಗಾಯಿತೆಂದು ತಿಳಿಯಲಾರದೆ ಗೊಂದಲಗೊಂಡಳು. ಅವನು ಅವಳನ್ನು ಮೂಲೆಗೆ ಕರೆದು, ಪಿಸುದನಿಯಲ್ಲಿ, ತಾರಸಿಯಿಂದ ಹಿಡಿದು ನಾಣಿಯ ಪೈಪಿನವರೆಗೆ ಹೇಳಿದ. ಅಮ್ಮನಿಗೆ ಈ ಭಾಷಣದ ವಿಷಯ ಹೇಳಬೇಡ, ನೀರು ಮಾತ್ರ ಇನ್ನು ಮೇಲೆ ಹಾಕಬೇಡಿ ಅಂತ ಹೇಗಾದರೂ ನಾಜೂಕಾಗಿ ತಿಳಿಸು ಎಂದ. ಪಿಸುದನಿ ಅಡಗುವಷ್ಟು ದೊಡ್ಡ ಮನೆಯಾಗಿರಲಿಲ್ಲ ಅದು. ಒಳಗೆ ಪಾತ್ರೆಯ ಸದ್ದು ನಿಂತಿತು. ಬಾಗಿಲ ಮರೆಯಲ್ಲಿ ಸೀರೆ ಸರಿದ ಸಪ್ಪಳವಾಯಿತು.

"ಸತ್ಯಾ, ಅವರನ್ನ ಕೇಳು..." ಎಂದು ಶುರುವಾದ ದನಿ ಅಲ್ಲಿಗೇ ನಿಂತುಹೋಯಿತು. ಆಮೇಲೆ ವೆಂಕಟಲಕ್ಷ್ಮಮ್ಮ ಬಾಗಿಲ ಮರೆ ಬಿಟ್ಟು ಹೊಸ್ತಿಲ ಮೇಲೆ ಬಂದು ನಿಂತರು. ಅವನು ಗಾಬರಿಯಾಗಿ ಎದ್ದು ನಿಂತ. ಇಷ್ಟು ವರ್ಷದಲ್ಲಿ ಅವರ ಮುಖವನ್ನು ಎದುರಿನಿಂದ ನೋಡುತ್ತಿರುವುದು ಇದೇ ಮೊದಲು. ಸತ್ಯವತಿಯದೇ ಮೂಗು ಅದು.

"ನನ್ನ ಹೆಸರು ಯಾಕೆ ಹೇಳ್ಲಿಲ್ಲ?"

ಅವನು ಹೆಂಡತಿಯ ಕಡೆ ನೋಡಿದ.

"ನನ್ನ ಮುಖ ಯಾಕೆ ನೋಡ್ತೀರಿ?" ಎಂದಳು ಸತ್ಯವತಿ. "ಕೇಳ್ತಿರೋದು ನಿಮ್ಮನ್ನ."

"ನಗ್ತಿದ್ರು, ಅತ್ತೆ."

"ನಿಮ್ಮನ್ನ ನೋಡಿ ನಕ್ಕರಲ್ಲ!"

"ನನಗೆ ರೂಢಿ ಇದೆ."

ಅವರು ಸೆರಗಿನಿಂದ ಬಾಯಿ ಒತ್ತಿಕೊಂಡು ಗೋಡೆ ನೋಡಿದರು. ಅಳುತ್ತಾರೇನೋ ಎಂದು ಅವನಿಗೆ ದಿಗಿಲಾಯಿತು. ಏನಾದರೂ ಹೇಳಬೇಕೆನಿಸಿ, ತೋಚಿದ್ದನ್ನು ಹೇಳಿದ: "ಕೇಳಿದ್ರೆ ಕೊಡ್ತಿದ್ದೆ ಅತ್ತೆ. ನನಗೆ ಬೇಕಾದದ್ದು ಒಂದು ಸಣ್ಣ ಶೀಷೆಯಷ್ಟು. ಉಳಿದದ್ದೆಲ್ಲ ಅಳತೆ ಆದ್ಮೇಲೆ ಚೆಲ್ತಿದ್ದೆ."

"ಚೆಲ್ತಿದ್ರಾ? ಎಲ್ಲಿಗೆ?"

"ಮೋರಿಗೆ."

"ನಾನು ಹನಿ ಲೆಕ್ಕ ಹಾಕಿ ತುಂಬಿಟ್ಟಿದ್ದನ್ನ ನೀವು ಮೋರಿಗೆ ಚೆಲ್ತಿದ್ರಿ!" ಎಂದು ಅವರು ಸೆರಗನ್ನು ಬಾಯಿಂದ ತೆಗೆದರು, ನೋಡಿದರೆ ನಗುತ್ತಿದ್ದರು. ಆ ನಗುವನ್ನು ಅವನು ಎಂದೂ ಕೇಳಿರಲಿಲ್ಲ. ಎಳೆಯ ಹುಡುಗಿಯ ನಗುವಿನ ಹಾಗೆ ಅದು ನಿಲ್ಲಲಾರದೆ ಉಕ್ಕುತ್ತಿತ್ತು. ಸತ್ಯವತಿಯೂ ನಕ್ಕಳು. ಅವನಿಗೆ ಕಣ್ಣು ಮಂಜಾಯಿತು, ಅದು ಸಂತೋಷಕ್ಕೇ ಎಂಬುದರಲ್ಲಿ ಈಗ ಅನುಮಾನವಿರಲಿಲ್ಲ. ಹೊರಗೆ ಗುಡುಗು ಸದ್ದುಮಾಡಿತು. ವೆಂಕಟಲಕ್ಷ್ಮಮ್ಮ ಕಣ್ಣೊರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಅಳಿಯನ ಮುಖವನ್ನೇ ನೋಡುತ್ತಾ ಹೇಳಿದರು:

"ಬೆಳಿಗ್ಗೆ ಸ್ನಾನ ಮಾಡಿ, ಮಡೀಲಿ ಹೋಗಿ ಮೊದಲು ನೀವು ಅಳೆದುಕೊಳ್ಳಿ. ಉಳಿದದ್ದನ್ನ ನಿಮ್ಮ ಕೈಯಾರೆ ತಂದು ನನ್ನ ಚೊಂಬಿಗೆ ಹಾಕಿ. ನಾನು ವಾಪಸ್ಸು ಕೊಡೋದಿಲ್ಲ."